ಪರದೆಯ ಹೊಣೆ ಯಾರದು? ಮ್ಯಾಕಿಂಟಾಷ್‌ಗೆ ನಾಂದಿ ಹಾಡಿದ ಜೆಫ್ ರಾಸ್ಕಿನ್

ಪಾಸ್‌ವರ್ಡನ್ನು ಸರಿಯಾಗಿಯೇ ಬರೆದಿರುತ್ತೇವೆ. ಕೀಲಿಮಣೆಯ ಕ್ಯಾಪ್ಸ್ ಲಾಕ್ ನಮಗರಿವಿಲ್ಲದೆ ಒತ್ತಿಹೋಗಿರುವುದರಿಂದ ಕಂಪ್ಯೂಟರ್ ಅದನ್ನು ನಿರಾಕರಿಸುತ್ತದೆ. ಕಡತವನ್ನು ಅಳಿಸಬೇಕೇ ಎಂದು ಪರದೆ ಕೇಳುತ್ತದೆ. ಅಭ್ಯಾಸಬಲದಿಂದ ಹೌದು ಎಂದು ಒತ್ತಿದ ಮರುಕ್ಷಣ, ಅಳಿಸಬಾರದ ಕಡತ ಅಳಿದುಹೋಗಿರುವುದು ಅರಿವಿಗೆ ಬರುತ್ತದೆ. ಇಂಥ ಹೊತ್ತಿನಲ್ಲಿ ಬಹುತೇಕರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತಮಗೆ ಕಂಪ್ಯೂಟರ್ ಜ್ಞಾನ ಸಾಲದೆಂದು ಸಂಕೋಚಪಡುತ್ತಾರೆ. ಆದರೆ ತಪ್ಪು ಬಳಸುವವರದ್ದಲ್ಲ, ರೂಪಿಸಿದವರದ್ದು ಎಂದು ಬಾಳಿನುದ್ದಕ್ಕೂ ವಾದಿಸಿದ ಒಬ್ಬ ವ್ಯಕ್ತಿ ಇದ್ದರು. ಅವರೇ ಆಪಲ್ ಸಂಸ್ಥೆಯಲ್ಲಿ ಮ್ಯಾಕಿಂಟಾಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್.

ತಂತ್ರಾಂಶ ಸಿದ್ಧಪಡಿಸುವ ಕಚೇರಿಗಳಲ್ಲಿ ಹಳೆಯದೊಂದು ಪ್ರಶ್ನೆಯಿದೆ. ಬಳಕೆದಾರನ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗವನ್ನು, ಅಂದರೆ ಯೂಸರ್ ಇಂಟರ್‌ಫೇಸನ್ನು, ಯಾರು ರೂಪಿಸಬೇಕು? ಚಿತ್ರ ಬರೆಯುವ ವಿನ್ಯಾಸಕರೋ, ಆದೇಶಗಳನ್ನು ಬರೆಯುವ ಪ್ರೋಗ್ರಾಮರುಗಳೋ? ಇಬ್ಬರಿಗೂ ಹಂಚುವುದಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಗಣಿತ ಮತ್ತು ಸಂಗೀತ, ಗಣಕ ಮತ್ತು ಚಿತ್ರಕಲೆ ಎರಡೂ ದಡಗಳಲ್ಲಿ ಬಾಳಿದ ರಾಸ್ಕಿನ್ ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಆ ಉತ್ತರಕ್ಕಾಗಿ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

ಎರಡು ದಡಗಳ ವಿದ್ಯಾರ್ಥಿ

ರಾಸ್ಕಿನ್ ಜನಿಸಿದ್ದು 1943ರ ಮಾರ್ಚ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಸ್ಟೋನಿ ಬ್ರೂಕ್‌ನ ವಿಶ್ವವಿದ್ಯಾಲಯದಲ್ಲಿ ಗಣಿತ ಹಾಗೂ ಭೌತಶಾಸ್ತ್ರದ ಪದವಿ ಪಡೆದ ಅವರು, ಜೊತೆಗೆ ತತ್ತ್ವಶಾಸ್ತ್ರವನ್ನೂ ಸಂಗೀತವನ್ನೂ ಅಭ್ಯಸಿಸಿದ್ದರು. 1967ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದಿಂದ ಗಣಕ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿ ಅವರು ಮಂಡಿಸಿದ ಪ್ರಬಂಧದ ವಿಷಯ ಕಂಪ್ಯೂಟರಿನಿಂದ ಚಿತ್ರ ಬರೆಯುವ ವ್ಯವಸ್ಥೆ. ಗಣಕಯಂತ್ರವೆಂದರೆ ರಂಧ್ರ ಕೊರೆದ ಕಾರ್ಡುಗಳನ್ನು ನುಂಗಿ ಅಂಕಿಗಳನ್ನು ಉಗುಳುವ ದೈತ್ಯ ಪೆಟ್ಟಿಗೆ ಎಂದು ಜಗತ್ತು ನಂಬಿದ್ದ ಕಾಲವದು. ಚಿತ್ರವನ್ನು ಅದರ ಮುಖ್ಯ ಕೆಲಸವಾಗಿ ಕಾಣುವುದೇ ಆಗ ವಿಚಿತ್ರವೆನಿಸುತ್ತಿತ್ತು.

ಅಲ್ಲಿಂದ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ವಿಶ್ವವಿದ್ಯಾಲಯಕ್ಕೆ ಸಂಗೀತದ ಉನ್ನತ ವ್ಯಾಸಂಗಕ್ಕೆಂದು ಸೇರಿದರು. ಆದರೆ ಬಹಳ ಬೇಗ ಓದು ಬಿಟ್ಟು ಅಲ್ಲಿಯೇ ಅಧ್ಯಾಪಕರಾದರು. 1968ರಿಂದ 1974ರವರೆಗೆ ಅವರು ದುಡಿದದ್ದು ದೃಶ್ಯಕಲೆಗಳ ವಿಭಾಗದಲ್ಲಿ. ಕಲೆ, ಛಾಯಾಗ್ರಹಣ, ಗಣಕ ವಿಜ್ಞಾನ ಮೂರನ್ನೂ ಒಬ್ಬರೇ ಬೋಧಿಸುತ್ತಿದ್ದರು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ ಪಡೆದು, ಮಾನವಿಕ ವಿಷಯಗಳ ವಿದ್ಯಾರ್ಥಿಗಳಿಗಾಗಿಯೇ ಒಂದು ಗಣಕ ಕೇಂದ್ರವನ್ನು ಕಟ್ಟಿದರು. ಅಲ್ಲಿ ಕಾರ್ಡುಗಳ ರಾಶಿಯಿರಲಿಲ್ಲ. ಡೇಟಾ ಜನರಲ್ ನೋವಾ ಎಂಬ ಚಿಕ್ಕ ಗಣಕವೂ ಅದಕ್ಕೆ ಜೋಡಿಸಿದ ಪರದೆಗಳೂ ಇದ್ದವು.

ಕಲಾವಿದ್ಯಾರ್ಥಿಗಳು ಪ್ರೋಗ್ರಾಮ್ ಬರೆಯಲು ಕುಳಿತಾಗ ಎಡವುತ್ತಿದ್ದುದು ತರ್ಕದಲ್ಲಲ್ಲ, ಬೆರಳಚ್ಚಿನಲ್ಲಿ. ಒಂದಕ್ಷರ ತಪ್ಪಿದರೂ ಯಂತ್ರ ಕೆಲಸ ನಿಲ್ಲಿಸುತ್ತಿತ್ತು. ರಾಸ್ಕಿನ್ ವಿದ್ಯಾರ್ಥಿಗಳನ್ನು ಗದರಿಸಲಿಲ್ಲ. ತಮ್ಮ ಶಿಷ್ಯರೊಬ್ಬರ ಜೊತೆಗೂಡಿ ಫ್ಲೋ ಎಂಬ ಹೊಸ ಭಾಷೆಯನ್ನೇ ರೂಪಿಸಿದರು. ಅದರಲ್ಲಿ ಆದೇಶದ ಮೊದಲ ಅಕ್ಷರ ಒತ್ತಿದರೆ ಸಾಕು, ಉಳಿದದ್ದನ್ನು ಗಣಕವೇ ಪೂರ್ಣಗೊಳಿಸುತ್ತಿತ್ತು. ಬೆರಳಚ್ಚಿನ ತಪ್ಪಿಗೆ ಎಡೆಯೇ ಇರದಂತೆ ಮಾಡುವುದು ಅದರ ಉದ್ದೇಶ. ಮನುಷ್ಯ ಯಂತ್ರಕ್ಕೆ ಒಗ್ಗುವುದಲ್ಲ, ಯಂತ್ರ ಮನುಷ್ಯನಿಗೆ ಒಗ್ಗಬೇಕು ಎಂಬ ಅವರ ಮುಂದಿನ ಎಲ್ಲ ಕೆಲಸಗಳ ಬೀಜವನ್ನು ಇಲ್ಲಿಯೇ ಕಾಣಬಹುದು.

ರಾಸ್ಕಿನ್ ಅವರದು ಗಂಭೀರ ವಿದ್ವಾಂಸರ ಸ್ವಭಾವವಲ್ಲ. ಆಟಿಕೆಗಳನ್ನು ಕಲಾಕೃತಿಗಳೆಂದು ಪ್ರದರ್ಶನಕ್ಕಿಟ್ಟವರು ಅವರು. ಕೊಳಲಿನ ಜಾತಿಗೆ ಸೇರಿದ ರೆಕಾರ್ಡರ್ ವಾದ್ಯವನ್ನೂ ಆರ್ಗನ್ನನ್ನೂ ನುಡಿಸುತ್ತಿದ್ದರು, ಸ್ಯಾನ್‌ಫ್ರಾನ್ಸಿಸ್ಕೋದ ಸಂಗೀತನಾಟಕ ತಂಡವೊಂದನ್ನು ನಿರ್ದೇಶಿಸುತ್ತಿದ್ದರು. ಮಾದರಿ ವಿಮಾನಗಳನ್ನು ವಿನ್ಯಾಸ ಮಾಡುವುದು ಅವರ ಇನ್ನೊಂದು ಹವ್ಯಾಸ. ವಿಶ್ವವಿದ್ಯಾಲಯದ ಕೆಲಸಕ್ಕೆ ರಾಜೀನಾಮೆ ನೀಡಿದ್ದನ್ನು ಅವರು ಸಾರಿದ ರೀತಿ ಇಂದಿಗೂ ದಂತಕತೆಯಂತೆ ಹೇಳಲ್ಪಡುತ್ತದೆ. ಬಿಸಿಗಾಳಿಯ ಬಲೂನೊಂದನ್ನೇರಿ ಕುಲಪತಿಗಳ ಮನೆಯ ಮೇಲೆ ಹಾರಿ, ತಾವು ಹೊರಟೆವೆಂದು ಅಲ್ಲಿಂದಲೇ ತಿಳಿಸಿದ್ದರಂತೆ.

ಕೈಪಿಡಿ ಬರೆಯಲು ಬಂದವರು

ಬಳಿಕ ರಾಸ್ಕಿನ್ ಸಿಲಿಕಾನ್ ಕಣಿವೆಯಲ್ಲಿ ಬ್ಯಾನಿಸ್ಟರ್ ಅಂಡ್ ಕ್ರನ್ ಎಂಬ ಪುಟ್ಟ ಸಂಸ್ಥೆ ತೆರೆದರು. ಬಿಬಿಸಿ ಬಾನುಲಿಯ ಹಾಸ್ಯ ಕಾರ್ಯಕ್ರಮವೊಂದರ ಎರಡು ಪಾತ್ರಗಳ ಹೆಸರುಗಳವು. ಯಂತ್ರಗಳಿಗೆ ಕೈಪಿಡಿ ಬರೆದುಕೊಡುವುದು ಆ ಸಂಸ್ಥೆಯ ಕೆಲಸ. 1977ರಲ್ಲಿ ಆಪಲ್ 2 ಗಣಕ ಜನರ ಮುಂದೆ ಬಂದ ಹೊಸತರಲ್ಲಿ ಅವರು ಸ್ಟೀವ್ ಜಾಬ್ಸ್ ಮತ್ತು ಸ್ಟೀವ್ ವೋಜ್ನಿಯಾಕ್ ಅವರನ್ನು ಭೇಟಿಯಾದರು. ಆ ಗಣಕದ ಬೇಸಿಕ್ ಭಾಷೆಯ ಕೈಪಿಡಿ ಬರೆಯುವ ಕೆಲಸ ಅವರ ಸಂಸ್ಥೆಗೆ ದೊರೆಯಿತು. 1978ರ ಜನವರಿಯಲ್ಲಿ ಅವರು ಆಪಲ್ ಸಂಸ್ಥೆಯನ್ನೇ ಸೇರಿ, ಪ್ರಕಟಣೆಗಳ ವಿಭಾಗದ ವ್ಯವಸ್ಥಾಪಕರಾದರು. ಆಗ ಅವರು ಸಂಸ್ಥೆಯ 31ನೇ ನೌಕರ.

ಇಲ್ಲೊಂದು ಸಂಗತಿ ಗಮನಾರ್ಹ. ರಾಸ್ಕಿನ್ ತಮಗೆ ಗಣಕ ವಿಜ್ಞಾನದ ಪದವಿ ಇರುವುದನ್ನು ಆರಂಭದಲ್ಲಿ ಮುಚ್ಚಿಟ್ಟಿದ್ದರು. ಗ್ಯಾರೇಜುಗಳಲ್ಲಿ ಕೈಯಾರೆ ಯಂತ್ರ ಜೋಡಿಸಿ ಬೆಳೆದ ಆ ಯುವಕರಿಗೆ ವಿಶ್ವವಿದ್ಯಾಲಯದ ಪಂಡಿತರ ಬಗ್ಗೆ ಅಸಡ್ಡೆಯಿತ್ತು. ಹೀಗಾಗಿ ಯಂತ್ರದ ಒಳಗನ್ನು ಬಲ್ಲ ವ್ಯಕ್ತಿಯೊಬ್ಬರು, ಕೇವಲ ಬರಹಗಾರರೆಂಬ ವೇಷದಲ್ಲಿ ಎಂಜಿನಿಯರುಗಳ ನಡುವೆ ಓಡಾಡುತ್ತಿದ್ದರು.

ಕೈಪಿಡಿ ಬರೆಯುವವರಿಗೆ ಬೇರಾರಿಗೂ ಇಲ್ಲದ ಒಂದು ಅನುಕೂಲವಿದೆ. ಯಂತ್ರದಲ್ಲಿ ಯಾವುದು ಅಡ್ಡಾದಿಡ್ಡಿಯಾಗಿದೆಯೋ ಅದನ್ನು ವಿವರಿಸುವಾಗ ಅವರ ವಾಕ್ಯಗಳೂ ಉದ್ದವಾಗುತ್ತವೆ, ಎಚ್ಚರಿಕೆಗಳೂ ವಿನಾಯಿತಿಗಳೂ ಹೆಚ್ಚುತ್ತವೆ. ಒಂದು ಪುಟದಲ್ಲಿ ಹೇಳಿ ಮುಗಿಯಬೇಕಾದದ್ದು ಹತ್ತು ಪುಟವಾದರೆ ದೋಷವಿರುವುದು ಬರಹದಲ್ಲಲ್ಲ, ಯಂತ್ರದಲ್ಲಿ. ಆಪಲ್ 2 ಗಣಕದ ಪರದೆಯಲ್ಲಿ ಒಂದು ಸಾಲಿಗೆ 40 ಅಕ್ಷರಗಳು ಮಾತ್ರ, ಅದೂ ದೊಡ್ಡಕ್ಷರಗಳು ಮಾತ್ರ ಮೂಡುತ್ತಿದ್ದವು. ಆ ಗಣಕದ ಕೈಪಿಡಿಯನ್ನು ಬರೆಯಲು ರಾಸ್ಕಿನ್ ಅವರ ವಿಭಾಗ ಬೇರೊಂದು ಕಂಪನಿಯ ಗಣಕವನ್ನು ಬಳಸಬೇಕಾಗಿ ಬಂತು. ತಯಾರಾದ ಸರಕನ್ನು ಕೊನೆಗೆ ವಿವರಿಸುವ ಕೆಲಸದಲ್ಲಿದ್ದ ಅವರಿಗೆ, ವಿವರಣೆಯೇ ಮೊದಲು ಬರಬೇಕಿತ್ತೆಂಬ ಅರಿವು ಮೂಡಿದ್ದು ಹೀಗೆ.

ತಿರುಗುಮುರುಗಾದ ಕ್ರಮ

ಅಂದಿನ ಪದ್ಧತಿಯಂತೆ ಎಂಜಿನಿಯರುಗಳು ಮೊದಲು ಯಂತ್ರಾಂಶ ಕಟ್ಟುತ್ತಿದ್ದರು. ಅದರ ಮೇಲೆ ಪ್ರೋಗ್ರಾಮರುಗಳು ತಂತ್ರಾಂಶ ಬರೆಯುತ್ತಿದ್ದರು. ಪರದೆಯ ಮೇಲೆ ಏನು ಕಾಣಬೇಕೆಂಬುದು ಎಲ್ಲ ಮುಗಿದ ಮೇಲೆ ಉಳಿದ ಜಾಗದಲ್ಲಿ ನಿರ್ಧಾರವಾಗುತ್ತಿತ್ತು. ರಾಸ್ಕಿನ್ ಈ ಕ್ರಮವನ್ನು ತಲೆಕೆಳಗು ಮಾಡಲು ಬಯಸಿದರು. ಕೊಳ್ಳುವವನ ಪಾಲಿಗೆ ಇಂಟರ್‌ಫೇಸೇ ಇಡೀ ಯಂತ್ರ. ಒಳಗಿನ ಚಿಪ್ಪು ಯಾವುದು, ಆದೇಶಗಳನ್ನು ಯಾವ ಭಾಷೆಯಲ್ಲಿ ಬರೆಯಲಾಗಿದೆ ಎಂಬುದು ಅವನಿಗೆ ಬೇಕಿಲ್ಲ. ಆದ್ದರಿಂದ ಅವನು ಏನು ಮಾಡಲಿದ್ದಾನೆ, ಯಂತ್ರ ಹೇಗೆ ಸ್ಪಂದಿಸಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು. ಯಂತ್ರಾಂಶ, ತಂತ್ರಾಂಶಗಳನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು ಎಂಬುದು ಅವರ ನಿಲುವು.

1979ರಲ್ಲಿ ಸಂಸ್ಥೆಯ ಅಧ್ಯಕ್ಷರಾಗಿದ್ದ ಮೈಕ್ ಮಾರ್ಕುಲಾ ಅವರು ಆಟಗಳನ್ನಾಡುವ ಅಗ್ಗದ ಯಂತ್ರವೊಂದರ ಯೋಜನೆಯನ್ನು ವಹಿಸಲು ಮುಂದಾದಾಗ ರಾಸ್ಕಿನ್ ಅದನ್ನೊಪ್ಪದೆ, ತಮ್ಮ ಕನಸಿನ ಗಣಕವನ್ನು ಮುಂದಿಟ್ಟರು. ತಮಗಿಷ್ಟವಾದ ಸೇಬಿನ ತಳಿಯ ಹೆಸರನ್ನು ಅದಕ್ಕಿಟ್ಟರು. ಅದೇ ಹೆಸರಿನ ಧ್ವನಿಯಂತ್ರಗಳ ಕಂಪನಿಯೊಂದು ಇದ್ದುದರಿಂದ ಅಕ್ಷರಗಳನ್ನು ತುಸು ಬದಲಿಸಿದರು. ಹೀಗೆ ಹುಟ್ಟಿದ್ದು ಮ್ಯಾಕಿಂಟಾಷ್. ಅದು ಮಿಕ್ಸಿ, ರೇಡಿಯೋಗಳಂತೆ ಮನೆಯ ವಸ್ತುವಾಗಬೇಕು, ತೆರೆದು ಏನನ್ನೂ ಜೋಡಿಸುವ ಅಗತ್ಯ ಇರಬಾರದು ಎಂಬುದು ಯೋಜನೆ. ಬೆಲೆಯ ಗುರಿ ಮೊದಲು 500 ಡಾಲರ್ ಇದ್ದು, ಬಳಿಕ 1000 ಡಾಲರಿಗೆ ಏರಿತು.

ತಂಡ ಚಿಕ್ಕದು. ಸೇವಾ ವಿಭಾಗದಲ್ಲಿ ತಂತ್ರಜ್ಞರಾಗಿದ್ದ ಬರೆಲ್ ಸ್ಮಿತ್ ಯಂತ್ರಾಂಶಕ್ಕೆ ಬಂದರು, ಬಡ್ ಟ್ರಿಬಲ್ ತಂತ್ರಾಂಶಕ್ಕೆ. ಸ್ಯಾನ್ ಡಿಯೇಗೊದಲ್ಲಿ ರಾಸ್ಕಿನ್ ಅವರ ವಿದ್ಯಾರ್ಥಿಯಾಗಿದ್ದ ಬಿಲ್ ಅಟ್ಕಿನ್ಸನ್ ಅವರ ಒತ್ತಾಯದಿಂದಲೇ 1978ರಲ್ಲಿ ಆಪಲ್ ಸೇರಿದ್ದರು. ಮುಂದೆ ಮ್ಯಾಕಿಂಟಾಷ್ ಪರದೆಯ ಪ್ರತಿಯೊಂದು ಗೆರೆಯನ್ನೂ ಎಳೆಯುವ ತಂತ್ರಾಂಶವನ್ನು ಬರೆದವರು ಇದೇ ಅಟ್ಕಿನ್ಸನ್.

ಕೈತಪ್ಪಿದ ಕನಸು

1980ರ ಕೊನೆಯಲ್ಲಿ ಸ್ಟೀವ್ ಜಾಬ್ಸ್ ಅವರನ್ನು ಲೀಸಾ ಎಂಬ ದೊಡ್ಡ ಗಣಕದ ಯೋಜನೆಯಿಂದ ಹೊರಗಿಡಲಾಯಿತು. ಮಾಡಲು ಕೆಲಸ ಹುಡುಕುತ್ತಿದ್ದ ಅವರ ದೃಷ್ಟಿ 1981ರ ಆರಂಭದಲ್ಲಿ ಮ್ಯಾಕಿಂಟಾಷ್ ಮೇಲೆ ಬಿತ್ತು. ರಾಸ್ಕಿನ್ ಆಯ್ದಿದ್ದ ಅಗ್ಗದ ಚಿಪ್ಪಿನ ಜಾಗಕ್ಕೆ ಲೀಸಾದಲ್ಲಿದ್ದ ಶಕ್ತಿಶಾಲಿ ಮೋಟೊರೋಲಾ 68000 ಬಂತು. ರಾಸ್ಕಿನ್ ಅಷ್ಟಾಗಿ ಮೆಚ್ಚದ ಮೌಸ್ ಅದರ ಮುಖ್ಯ ಸಾಧನವಾಯಿತು.

ಇಬ್ಬರ ನಡುವೆ ಮೊದಲಿಗೆ ಏರ್ಪಟ್ಟ ಒಪ್ಪಂದದ ಬಗೆ ಹೀಗಿತ್ತು: ಯಂತ್ರಾಂಶ ಜಾಬ್ಸ್ ಅವರಿಗೆ, ತಂತ್ರಾಂಶ ಹಾಗೂ ಕೈಪಿಡಿಗಳು ರಾಸ್ಕಿನ್ ಅವರಿಗೆ. ಮೇಲುನೋಟಕ್ಕೆ ನ್ಯಾಯವಾದ ಹಂಚಿಕೆ. ಆದರೆ ರಾಸ್ಕಿನ್ ಅವರ ಇಡೀ ವಿಚಾರ ನಿಂತಿದ್ದುದೇ ಇವೆರಡನ್ನೂ ಬೇರ್ಪಡಿಸಬಾರದು ಎಂಬ ಆಧಾರದ ಮೇಲೆ. ಹಂಚಿಕೆಯಾದ ದಿನವೇ ಅವರ ಮ್ಯಾಕಿಂಟಾಷ್ ಮುಗಿದಿತ್ತೆನ್ನಬಹುದು. ಬಹುಕಾಲ ಕಳೆಯುವ ಮೊದಲೇ ತಂತ್ರಾಂಶವೂ ಜಾಬ್ಸ್ ಅವರ ಕೈಸೇರಿತು. 1981ರ ಫೆಬ್ರವರಿಯಲ್ಲಿ ರಾಸ್ಕಿನ್ ಅವರು ಸಂಸ್ಥೆಯ ಮುಖ್ಯಸ್ಥ ಮೈಕ್ ಸ್ಕಾಟ್ ಅವರಿಗೆ ದೀರ್ಘ ಪತ್ರ ಬರೆದು, ಜಾಬ್ಸ್ ಅವರ ಕಾರ್ಯವೈಖರಿಯ ಲೋಪಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಫಲ ದೊರೆಯಲಿಲ್ಲ. 1982ರಲ್ಲಿ ಅವರು ಆಪಲ್ ತೊರೆದರು.

1984ರ ಜನವರಿ 24ರಂದು ಮ್ಯಾಕಿಂಟಾಷ್ ಬಿಡುಗಡೆಯಾದಾಗ ಅದರ ಬೆಲೆ 2,495 ಡಾಲರ್. ಅದರ ಜನಕ ಯಾರು ಎಂಬ ವಿವಾದ ಆಗಲೇ ಮೊದಲಾಗಿತ್ತು. ಮಾರುಕಟ್ಟೆಗೆ ಬಂದ ಯಂತ್ರಕ್ಕೂ ರಾಸ್ಕಿನ್ ಬರೆದಿಟ್ಟ ಯೋಜನೆಗೂ ಅಜಗಜಾಂತರ ಎನ್ನುವವರಿದ್ದರು. ಹೆಸರು, ಮೊದಲ ತಂಡ, ಸಾಮಾನ್ಯರಿಗಾಗಿ ಸುಲಭ ಗಣಕ ಎಂಬ ಮೂಲ ವಿಚಾರ ಅವರದೇ ಎನ್ನುವವರೂ ಇದ್ದರು. ಎರಡರಲ್ಲೂ ಸತ್ಯವಿದೆ.

ಒಂದೇ ಮೇಜಿನ ಸುತ್ತ

ರಾಸ್ಕಿನ್ ಬದಿಗೆ ಸರಿದ ಮೇಲೆ ಆ ತಂಡದಲ್ಲಿ ನಡೆದದ್ದನ್ನು ಗಮನಿಸಿದರೆ, ಅವರ ವಿಚಾರ ಬೇರೊಂದು ದಾರಿಯಲ್ಲಿ ಮುಂದುವರಿದದ್ದು ಕಾಣುತ್ತದೆ. 1981ರಲ್ಲಿ ಅಟ್ಕಿನ್ಸನ್ ಪರದೆಯ ಮೇಲೆ ವೃತ್ತ ಹಾಗೂ ಅಂಡಾಕಾರಗಳನ್ನು ಬಲುವೇಗವಾಗಿ ಬರೆಯುವ ಉಪಾಯವೊಂದನ್ನು ಕಂಡುಹಿಡಿದು ತೋರಿಸಿದರು. ಜಾಬ್ಸ್ ಅವರು ಮೂಲೆಗಳು ದುಂಡಗಿರುವ ಆಯತಗಳನ್ನೂ ಬರೆಯಬಹುದೇ ಎಂದು ವಿಚಾರಿಸಿದರು. ಅದು ಕಷ್ಟ, ಅಷ್ಟೇನೂ ಅಗತ್ಯವಿಲ್ಲ ಎಂಬುದು ಪ್ರೋಗ್ರಾಮರನ ಸಹಜ ಉತ್ತರ. ಜಾಬ್ಸ್ ಅವರನ್ನು ಹೊರಗೆ ಕರೆದೊಯ್ದು, ಬೀದಿಯ ಫಲಕಗಳಲ್ಲಿ ಕೂಡ ಅದೇ ಆಕಾರವಿರುವುದನ್ನು ತೋರಿಸಿದರು. ಅಟ್ಕಿನ್ಸನ್ ಮನೆಗೆ ಹೋಗಿ, ಮರುದಿನ ಬರುವಾಗ ಅದನ್ನೂ ಬರೆದು ತಂದಿದ್ದರು. ಆ ದುಂಡು ಮೂಲೆಗಳು ಇಂದು ನಮ್ಮ ಮೊಬೈಲ್ ಪರದೆಯ ತುಂಬ ಇವೆ.

1983ರಲ್ಲಿ ಕಲಾವಿದೆ ಸೂಸನ್ ಕೇರ್ ತಂಡ ಸೇರಿದರು. ಕಲೆಯಲ್ಲಿ ಡಾಕ್ಟರೇಟ್ ಪಡೆದಿದ್ದ ಅವರಿಗೆ ಗಣಕದ ಅನುಭವವಿರಲಿಲ್ಲ. ಪ್ರೋಗ್ರಾಮರ್ ಆಂಡಿ ಹರ್ಟ್ಸ್‌ಫೆಲ್ಡ್ ಅವರ ಶಾಲಾದಿನಗಳ ಗೆಳತಿ. ಚೌಕಳಿ ಕಾಗದದ ಮೇಲೆ ಅಡ್ಡ 32, ಉದ್ದ 32, ಒಟ್ಟು 1,024 ಮನೆಗಳಲ್ಲಿ ಕೆಲವಕ್ಕೆ ಕಪ್ಪು ತುಂಬಿ ಅವರು ಪುಟ್ಟ ಚಿತ್ರಗಳನ್ನು ರಚಿಸತೊಡಗಿದರು. ಕಸದ ಬುಟ್ಟಿ, ನಗುವ ಗಣಕ, ಸಿಡಿಯಲಿರುವ ಬಾಂಬು ಹುಟ್ಟಿದ್ದು ಹೀಗೆ. ಹರ್ಟ್ಸ್‌ಫೆಲ್ಡ್ ಅವರು ಕೇರ್ ಅವರಿಗೆಂದೇ ಚಿತ್ರ ತಿದ್ದುವ ತಂತ್ರಾಂಶವೊಂದನ್ನು ಬರೆದುಕೊಟ್ಟರು. ಅಂದಿನಿಂದ ಕಲಾವಿದೆ ಕಾಗದದ ಮೇಲಲ್ಲ, ಪರದೆಯ ಮೇಲೆಯೇ ಚಿತ್ರ ಬರೆದು, ಅಲ್ಲಿಯೇ ನೋಡಿ ತಿದ್ದಬಹುದಾಯಿತು.

ಕ್ರಿಸ್ ಎಸ್ಪಿನೋಸಾ ಎಂಬ ತರುಣನ ಕತೆ ಇನ್ನೂ ಸ್ವಾರಸ್ಯಕರ. ಮ್ಯಾಕಿಂಟಾಷ್‌ನ ಲೆಕ್ಕ ಮಾಡುವ ಕ್ಯಾಲ್ಕುಲೇಟರಿನ ಚಿತ್ರವನ್ನು ಅವರು ಬರೆದು ತೋರಿಸಿದಾಗಲೆಲ್ಲ ಜಾಬ್ಸ್ ಗೆರೆ ದಪ್ಪವಾಯಿತೆಂದೋ, ಗುಂಡಿಗಳು ದೊಡ್ಡವಾದವೆಂದೋ ತಿರಸ್ಕರಿಸುತ್ತಿದ್ದರು. ಹಲವು ದಿನ ಹೀಗೆ ನಡೆಯಿತು. ಬೇಸತ್ತ ಎಸ್ಪಿನೋಸಾ ಗೆರೆಯ ದಪ್ಪ, ಗುಂಡಿಯ ಅಳತೆ, ಹಿನ್ನೆಲೆ ಎಲ್ಲವನ್ನೂ ನೋಡುವವರೇ ಬದಲಿಸಬಹುದಾದ ಪುಟ್ಟ ಪ್ರೋಗ್ರಾಮೊಂದನ್ನು ಬರೆದು ಜಾಬ್ಸ್ ಮುಂದಿಟ್ಟರು. ಹತ್ತೇ ನಿಮಿಷಗಳಲ್ಲಿ ಅವರಿಗೊಪ್ಪುವ ಆಕಾರ ಸಿದ್ಧವಾಯಿತು. ಅದೇ ಕ್ಯಾಲ್ಕುಲೇಟರ್ ಮ್ಯಾಕ್ ಓಎಸ್ 9ರವರೆಗೂ ಉಳಿದುಬಂತು.

ಬಳಸುವವರನ್ನು ಎದುರು ಕೂರಿಸಿ ನೋಡುವ ಪದ್ಧತಿಯೂ ಆಗಲೇ ಬೇರೂರಿತು. ಲೀಸಾ ಗಣಕದ ಪರೀಕ್ಷೆಗಳನ್ನು ನಡೆಸುತ್ತಿದ್ದವರು ಲ್ಯಾರಿ ಟೆಸ್ಲರ್. ಕೆಲಸ ನಡೆಸು ಎಂಬರ್ಥದ ‘ಡೂ ಇಟ್’ ಗುಂಡಿ ಬಂದಾಗಲೆಲ್ಲ ಪರೀಕ್ಷೆಗೆ ಕುಳಿತವರು ಗಲಿಬಿಲಿಗೊಳ್ಳುತ್ತಿದ್ದರು. ಎರಡು ಪದಗಳ ನಡುವಿನ ಅಂತರ ಸಾಲದೆ, ಒಬ್ಬರು ಅದನ್ನು ಮೂರ್ಖ ಎಂಬರ್ಥದ ‘ಡೋಲ್ಟ್’ ಎಂದು ಓದಿಕೊಂಡು, ಯಂತ್ರ ತಮ್ಮನ್ನು ಮೂದಲಿಸುತ್ತಿದೆಯೆಂದು ಸಿಟ್ಟಾಗಿದ್ದರು. ಗುಂಡಿಯ ಮೇಲಿನ ಪದ ‘ಓಕೆ’ ಎಂದು ಬದಲಾಯಿತು. ತಿಂಗಳುಗಟ್ಟಲೆ ಅದನ್ನೇ ನೋಡುತ್ತಿದ್ದ ವಿನ್ಯಾಸಕರ ಕಣ್ಣಿಗಾಗಲಿ ಪ್ರೋಗ್ರಾಮರುಗಳ ಕಣ್ಣಿಗಾಗಲಿ ಆ ತಪ್ಪು ಬಿದ್ದಿರಲಿಲ್ಲ.

ಈ ಎಲ್ಲ ಪ್ರಸಂಗಗಳಲ್ಲೂ ಕೆಲಸ ಹಂಚಿಹೋಗಿತ್ತು. ಚಿತ್ರ ಒಬ್ಬರದು, ಆದೇಶ ಇನ್ನೊಬ್ಬರದು, ತೀರ್ಮಾನ ಮತ್ತೊಬ್ಬರದು. ಆದರೆ ಒಬ್ಬರು ಮುಗಿಸಿ ಇನ್ನೊಬ್ಬರ ಮೇಜಿಗೆ ಎಸೆದು ಹೋಗುವ ಹಂಚಿಕೆ ಅದಾಗಿರಲಿಲ್ಲ. ಇದು ಯಂತ್ರದಿಂದ ಸಾಧ್ಯವೇ ಎಂಬುದೂ, ಇದು ಮನುಷ್ಯನಿಗೆ ಒಪ್ಪುತ್ತದೆಯೇ ಎಂಬುದೂ ಒಂದೇ ಮೇಜಿನ ಸುತ್ತ ಒಂದೇ ದಿನದಲ್ಲಿ ಇತ್ಯರ್ಥವಾಗುತ್ತಿದ್ದವು.

ಚಿತ್ರಗಳಿಲ್ಲದ ಗಣಕ

ಆಪಲ್ ತೊರೆದ ರಾಸ್ಕಿನ್ ಇನ್ಫರ್ಮೇಷನ್ ಅಪ್ಲಯನ್ಸ್ ಎಂಬ ಸಂಸ್ಥೆ ಕಟ್ಟಿದರು. ಈ ಬಾರಿ ಯಾರ ಹಂಗೂ ಇಲ್ಲದೆ ತಮ್ಮ ವಿಚಾರವನ್ನು ಪೂರ್ಣವಾಗಿ ಸಾಧಿಸಿ ತೋರಿಸುವ ಹಟ ಅವರಲ್ಲಿತ್ತು. ಅವರು ರೂಪಿಸಿದ ಗಣಕವನ್ನು ಜಪಾನಿನ ಕ್ಯಾನನ್ ಕಂಪನಿ 1987ರಲ್ಲಿ ಕ್ಯಾನನ್ ಕ್ಯಾಟ್ ಎಂಬ ಹೆಸರಿನಲ್ಲಿ 1,495 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು.

ಕ್ಯಾಟ್ ಗಣಕಕ್ಕೆ ಮೌಸ್ ಇರಲಿಲ್ಲ, ಪರದೆಯಲ್ಲಿ ಚಿತ್ರಗಳಿರಲಿಲ್ಲ, ಕಡತಗಳಿಗೆ ಹೆಸರಿಡುವ ಗೊಡವೆಯೂ ಇರಲಿಲ್ಲ. ಬರೆದದ್ದೆಲ್ಲ ಒಂದೇ ಉದ್ದನೆಯ ಬರಹವಾಗಿ ಹರಿಯುತ್ತಿತ್ತು. ಬೇಕಾದಲ್ಲಿಗೆ ಹೋಗಲು ಕೀಲಿಮಣೆಯ ಕೆಳಗಿದ್ದ ಲೀಪ್ ಎಂಬ ಎರಡು ಕೀಲಿಗಳಲ್ಲಿ ಒಂದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಹುಡುಕುವ ಪದದ ಮೊದಲ ಕೆಲವು ಅಕ್ಷರಗಳನ್ನು ಬರೆದರೆ ಸಾಕು. ಒಂದು ಕೀಲಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಬೆರಳು ತೆಗೆದರೆ ಹುಡುಕಾಟ ಮುಗಿಯಿತು. ಕ್ಯಾಪ್ಸ್ ಲಾಕ್‌ನಂತೆ ಒತ್ತಿ ಮರೆತುಬಿಡುವ ಸಂಭವವೇ ಇರಲಿಲ್ಲ. ಕೀಲಿಯ ಮೇಲೆ ಬೆರಳಿದೆಯೆಂಬ ಅರಿವನ್ನು ಕೈಯೇ ಮನಸ್ಸಿಗೆ ತಲುಪಿಸುತ್ತಿತ್ತು.

ಆ ಯಂತ್ರದ ಒಂದು ಜಾಣ್ಮೆಯನ್ನು ಇಲ್ಲಿ ಹೇಳಲೇಬೇಕು. ಡಿಸ್ಕಿನಿಂದ ಬರಹವನ್ನೆಲ್ಲ ಓದಿಕೊಳ್ಳಲು ಕ್ಯಾಟ್‌ಗೆ ಹಲವು ಸೆಕೆಂಡುಗಳು ಬೇಕಾಗುತ್ತಿದ್ದವು. ಹಾಗಾಗಿ ಕೆಲಸ ನಿಲ್ಲಿಸಿದಾಗ ಪರದೆ ಹೇಗಿತ್ತೋ ಅದರ ಚಿತ್ರವನ್ನು ಡಿಸ್ಕಿನ ಮೊದಲಲ್ಲೇ ಇಡಲಾಗಿತ್ತು. ಯಂತ್ರ ಹಚ್ಚಿದೊಡನೆ ಆ ಚಿತ್ರ ಮೂಡುತ್ತಿತ್ತು. ಬಳಸುವವರು ಅದನ್ನು ನೋಡಿ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು ಎಂದು ಜ್ಞಾಪಿಸಿಕೊಳ್ಳುವಷ್ಟರಲ್ಲಿ ಉಳಿದದ್ದೆಲ್ಲ ಒಳಗೆ ಬಂದಿರುತ್ತಿತ್ತು. ಹೊಸ ಕೆಲಸಕ್ಕೆ ಮನಸ್ಸು ಅಣಿಯಾಗಲು ಹಿಡಿಯುವ ಹೊತ್ತನ್ನೂ, ಡಿಸ್ಕಿನ ಮೇಲೆ ಯಾವುದು ಎಲ್ಲಿದ್ದರೆ ಬೇಗ ಸಿಗುತ್ತದೆ ಎಂಬುದನ್ನೂ ಕೂಡಿಯೇ ಯೋಚಿಸಿದಾಗ ಮಾತ್ರ ಹೊಳೆಯುವ ಉಪಾಯವಿದು. ಪರದೆಯ ಅಂದವಷ್ಟನ್ನೇ ಬಲ್ಲ ವಿನ್ಯಾಸಕನಿಗೂ, ಯಂತ್ರದ ವೇಗವಷ್ಟನ್ನೇ ಬಲ್ಲ ಪ್ರೋಗ್ರಾಮರನಿಗೂ ಇದು ದಕ್ಕುವುದು ಕಷ್ಟ.

ಆದರೂ ಕ್ಯಾಟ್ ಗೆಲ್ಲಲಿಲ್ಲ. ಕ್ಯಾನನ್ ಅದನ್ನು ತನ್ನ ಬೆರಳಚ್ಚು ಯಂತ್ರಗಳ ವಿಭಾಗದ ಮೂಲಕ ಮಾರಿತು. ಸುಮಾರು 20,000 ಯಂತ್ರಗಳು ಮಾರಾಟವಾದವು. ಆರು ತಿಂಗಳಲ್ಲಿ ತಯಾರಿಕೆಯೇ ನಿಂತಿತು. ಕಣ್ಣಿಗೆ ಹಿತವಾದ ಚಿತ್ರಗಳಿಗೂ ಮೌಸಿಗೂ ಜನ ಅಷ್ಟರಲ್ಲೇ ಒಲಿದಿದ್ದರು. ತಾವು ಮೊದಲಿಟ್ಟ ಮ್ಯಾಕಿಂಟಾಷ್ ಯೋಜನೆ ತಮ್ಮ ಕೈಬಿಟ್ಟು ಗೆದ್ದದ್ದನ್ನೂ, ತಮ್ಮ ಕೈಯಲ್ಲೇ ಉಳಿದ ಯಂತ್ರ ಸೋತದ್ದನ್ನೂ ರಾಸ್ಕಿನ್ ಒಂದೇ ದಶಕದಲ್ಲಿ ನೋಡಬೇಕಾಯಿತು. ಎರಡೂ ಕಡೆ ಬಲ್ಲವನೊಬ್ಬನೇ ಎಲ್ಲವನ್ನೂ ನಿರ್ಧರಿಸಿದರೆ ಯಂತ್ರದ ಒಳಹೊರಗು ಒಂದಾಗಬಹುದು. ಆದರೆ ಆ ಒಬ್ಬನ ಅಭಿರುಚಿಯಾಚೆಗಿನ ಜನರನ್ನು ಅದು ತಲುಪುವುದೆಂಬ ಭರವಸೆಯಿಲ್ಲ. ರಾಸ್ಕಿನ್ ಅವರ ಬಾಳು ಕಲಿಸುವ ಪಾಠಗಳಲ್ಲಿ ಇದೂ ಒಂದು.

ಅಂದಾಜಲ್ಲ, ಅಳತೆ

2000ದಲ್ಲಿ ಪ್ರಕಟವಾದ ‘ದಿ ಹ್ಯೂಮೇನ್ ಇಂಟರ್‌ಫೇಸ್’ ಪುಸ್ತಕದಲ್ಲಿ ರಾಸ್ಕಿನ್ ತಮ್ಮ ಅನುಭವವನ್ನೆಲ್ಲ ಧಾರೆಯೆರೆದರು. ಮನುಷ್ಯನ ಗಮನ ಒಂದು ಹೊತ್ತಿಗೆ ಒಂದೇ ಕಡೆ ನಿಲ್ಲುತ್ತದೆ, ಪದೇ ಪದೇ ಮಾಡಿದ್ದು ಅಭ್ಯಾಸವಾಗಿ ಗಮನದಿಂದ ಜಾರುತ್ತದೆ ಎಂಬ ಎರಡು ಸತ್ಯಗಳ ಮೇಲೆ ಆ ಗ್ರಂಥ ನಿಂತಿದೆ. ಅಳಿಸಲೇ ಎಂದು ಪ್ರತಿಸಲ ಕೇಳುವ ಯಂತ್ರಕ್ಕೆ ಬೆರಳು ಯೋಚಿಸದೆಯೇ ಹೌದೆನ್ನುವುದು ಈ ಕಾರಣದಿಂದ. ಆದ್ದರಿಂದ ಕೇಳುವುದಕ್ಕಿಂತ, ಅಳಿಸಿದ್ದನ್ನು ಯಾವಾಗ ಬೇಕಾದರೂ ಮರಳಿ ಪಡೆಯುವ ದಾರಿ ಮಾಡಿಕೊಡುವುದೇ ಲೇಸು ಎಂಬುದು ಅವರ ವಾದ.

ಆ ಪುಸ್ತಕ ಇನ್ನೊಂದು ಜಗಳವನ್ನೂ ಬಗೆಹರಿಸಲು ಯತ್ನಿಸಿತು. ಪರದೆಯ ಕುರಿತು ವಿನ್ಯಾಸಕರೂ ಪ್ರೋಗ್ರಾಮರುಗಳೂ ವಾದಕ್ಕಿಳಿದಾಗ ಸಾಮಾನ್ಯವಾಗಿ ಗೆಲ್ಲುವುದು ದೊಡ್ಡ ದನಿ ಅಥವಾ ದೊಡ್ಡ ಹುದ್ದೆ. ಅದರ ಬದಲು ಅಳತೆ ಮಾಡಿ ಎಂದರು ರಾಸ್ಕಿನ್. ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಸಂಶೋಧಕರು ರೂಪಿಸಿದ್ದ ಲೆಕ್ಕವನ್ನು ಅವರು ಬಳಸಿದರು. ಕೀಲಿಯೊಂದನ್ನು ಒತ್ತಲು 0.2 ಸೆಕೆಂಡು, ಮೌಸಿನಿಂದ ಗುರಿ ತೋರಲು 1.1 ಸೆಕೆಂಡು, ಕೈಯನ್ನು ಕೀಲಿಮಣೆಯಿಂದ ಮೌಸಿಗೆ ಒಯ್ಯಲು 0.4 ಸೆಕೆಂಡು, ಮುಂದಿನ ಹೆಜ್ಜೆಗೆ ಮನಸ್ಸು ಸಿದ್ಧವಾಗಲು 1.35 ಸೆಕೆಂಡು. ಬರೆಯುತ್ತಿದ್ದವರು ನಡುವೆ ನಿಲ್ಲಿಸಿ, ಮೌಸ್ ಹಿಡಿದು ಒಂದು ಗುಂಡಿ ಒತ್ತಬೇಕಾದರೆ ಒಟ್ಟು 3.05 ಸೆಕೆಂಡು ಎಂದಾಯಿತು. ಒಬ್ಬ ಗುಮಾಸ್ತ ದಿನಕ್ಕೆ ಸಾವಿರ ಸಲ ಹೀಗೆ ಮಾಡಬೇಕಾಗಿ ಬಂದರೆ ಐವತ್ತು ನಿಮಿಷಗಳು ಅಲ್ಲಿಗೇ ಸಂದವು. ಚಂದವೋ ಅಲ್ಲವೋ ಎಂಬ ಮುಗಿಯದ ಚರ್ಚೆಯ ಜಾಗದಲ್ಲಿ, ಇಬ್ಬರೂ ಒಪ್ಪಲೇಬೇಕಾದ ಒಂದು ಅಂಕಿ ಬಂದು ಕೂರುತ್ತದೆ.

ಉಳಿದ ಪ್ರಶ್ನೆ

2004ರ ಡಿಸೆಂಬರಿನಲ್ಲಿ ರಾಸ್ಕಿನ್ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. 2005ರ ಫೆಬ್ರವರಿ 26ರಂದು ಕ್ಯಾಲಿಫೋರ್ನಿಯಾದ ಪೆಸಿಫಿಕಾ ಊರಿನಲ್ಲಿ ಅವರು ನಿಧನರಾದರು. ಆಗ ಅವರಿಗೆ 61 ವರ್ಷ. ಕೊನೆಯ ದಿನಗಳವರೆಗೂ ಅವರು ಆರ್ಚಿ ಎಂಬ ಹೊಸ ತಂತ್ರಾಂಶದ ಕೆಲಸದಲ್ಲಿ ತೊಡಗಿದ್ದರು. ಕ್ಯಾಟ್ ಗಣಕದ ವಿಚಾರಗಳನ್ನು ಹೊಸ ಕಾಲಕ್ಕೆ ತರುವ ಯತ್ನವದು.

ಅವರ ಮಗ ಏಜಾ ರಾಸ್ಕಿನ್ ಕೂಡ ಅದೇ ಹಾದಿ ಹಿಡಿದರು. ಪುಟದ ತಳಕ್ಕೆ ಬಂದಂತೆ ಮುಂದಿನದು ತಾನಾಗಿ ಬರುತ್ತಲೇ ಇರುವ ಪರದೆಯನ್ನು 2006ರಲ್ಲಿ ರೂಪಿಸಿದವರಲ್ಲಿ ಅವರೂ ಒಬ್ಬರು. ಓದುಗರ ಒಂದು ಒತ್ತು ಉಳಿಸುವ ಆ ಅನುಕೂಲ, ಜನರನ್ನು ಗಂಟೆಗಟ್ಟಲೆ ಮೊಬೈಲಿಗೆ ಕಟ್ಟಿಹಾಕುವ ಸಾಧನವಾದದ್ದನ್ನು ಕಂಡು ಅವರು ಬಹಿರಂಗವಾಗಿ ವಿಷಾದಿಸಿದರು. ಶ್ರಮ ಉಳಿಸಿದರಷ್ಟೇ ಸಾಲದು, ಅದರಿಂದ ಮನುಷ್ಯನಿಗೇನಾಗುತ್ತದೆ ಎಂಬುದನ್ನೂ ಯಾರಾದರೂ ಕೇಳಬೇಕು ಎಂಬ ಪಾಠ ಮುಂದಿನ ಪೀಳಿಗೆಗೂ ಉಳಿಯಿತು.

ಇಂದು ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ವಿನ್ಯಾಸಕರೂ ಪ್ರೋಗ್ರಾಮರುಗಳೂ ಸಾವಿರಾರು ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. ಅಷ್ಟು ದೊಡ್ಡ ಕೆಲಸವನ್ನು ಹಂಚದೆ ಮಾಡಲಾಗದು. ಎಲ್ಲರೂ ರಾಸ್ಕಿನ್ ಅವರಂತೆ ಎರಡೂ ವಿದ್ಯೆ ಕಲಿತಿರಬೇಕೆನ್ನುವುದೂ ಸಾಧುವಲ್ಲ. ಆದರೆ ಪರದೆಯ ಮುಂದೆ ತಡವರಿಸುವ ಮನುಷ್ಯನ ಹೊಣೆಯನ್ನು ಹಂಚಲು ಬರುವುದಿಲ್ಲ. ಚಿತ್ರ ಸರಿಯಾಗಿತ್ತು ಎಂದು ಒಬ್ಬರು, ಆದೇಶ ಸರಿಯಾಗಿತ್ತು ಎಂದು ಇನ್ನೊಬ್ಬರು ಹೇಳಿ ಎದ್ದುಹೋದರೆ ತಪ್ಪೆಲ್ಲ ಕೊನೆಗೆ ಬಳಸುವವನ ತಲೆಗೇ ಕಟ್ಟುತ್ತದೆ. ಕೈಪಿಡಿ ಬರೆಯಲು ಬಂದು, ಯಂತ್ರವನ್ನೇ ತಿದ್ದಬೇಕೆಂದು ಹಟ ಹಿಡಿದ ರಾಸ್ಕಿನ್ ಅವರು ಬಾಳಿನುದ್ದಕ್ಕೂ ಎದುರಿಸಿದ್ದು ಈ ಅನ್ಯಾಯವನ್ನೇ.